ಗೇಜಿನ ಪಕ್ಕದ ಮುಖ

ಸುರಕ್ಷತೆಯ ಬಗ್ಗೆ ದಿನಕ್ಕೆ ಮೂರು ಹೊತ್ತು ಉಪದೇಶ ಮಾಡುವವರನ್ನು ಯಂತ್ರದ ಹತ್ತಿರ ನಾನು ಕಂಡದ್ದೇ ಕಡಿಮೆ. ಅವರು ಯಾವಾಗಲೂ ಪರದೆಯ ಹತ್ತಿರ ಇರುತ್ತಾರೆ. ಸಿಟ್ಟಿನಲ್ಲಿ ಹೇಳುತ್ತಿದ್ದೇನೆ ಅನ್ನಿಸಿದರೆ ಅನ್ನಿಸಲಿ, ಸಿಟ್ಟಿನಲ್ಲೇ ಹೇಳುತ್ತಿದ್ದೇನೆ.

ನನ್ನ ಹೆಸರು ಮಕ್ಬೂಲ್. ಹುಟ್ಟಿದ್ದು ರಾಣೆಬೆನ್ನೂರು, ಅನ್ನ ಕೊಟ್ಟದ್ದು ಮಲೇಷ್ಯಾದ ಪೆನಾಂಗ್‌ನ ಬಯಾನ್ ಲೆಪಾಸ್. ವಿಮಾನ ನಿಲ್ದಾಣದ ಅಂಚಿನಲ್ಲಿದ್ದ ಸಣ್ಣದೊಂದು ಕಂಪನಿಯಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದೆ. ವಿಮಾನದ ಟೈರಿಗೆ ನಾವು ತುಂಬುವುದು ನೈಟ್ರೋಜನ್, ನೆಲಕ್ಕಿಳಿಯುವಾಗ ಧಕ್ಕೆ ತಾಳುವ ಅದರ ಕಾಲುಗಳಿಗೂ ಅದೇ. ಸಿಲಿಂಡರಿನಲ್ಲಿರುವ ಒತ್ತಡ ಸಾಲದೆ ಹೋದಾಗ ಬೂಸ್ಟರ್ ಎಂಬ ಯಂತ್ರ ಬೇಕಾಗುತ್ತದೆ. ತಳ್ಳುಗಾಡಿಯ ಮೇಲೆ ಕೂತಿರುವ, ಹೋಟೆಲಿನ ರುಬ್ಬುವ ಗ್ರೈಂಡರಿನಷ್ಟು ಗಾತ್ರದ ವಸ್ತು. ಠಕ್ ಠಕ್ ಎಂದು ಕುಟ್ಟುತ್ತ ನೈಟ್ರೋಜನ್ನನ್ನು ಹಿಂಡಿ ಮೂರು ಸಾವಿರ ಪಿಎಸ್‌ಐವರೆಗೆ ಏರಿಸುತ್ತದೆ. ನಿಮ್ಮ ಕಾರಿನ ಟೈರಿಗೆ ಹಾಕಿಸುವುದು ಮೂವತ್ತೆರಡು. ಮಿಕ್ಕದ್ದನ್ನು ನೀವೇ ಅಂದಾಜು ಮಾಡಿಕೊಳ್ಳಿ.

ಇಂಥ ಯಂತ್ರದ ಜೊತೆ ಬದುಕುವ ಕ್ರಮ ಕಷ್ಟದ್ದೇನಲ್ಲ. ಇಬ್ಬರು ಬೇಕು. ಒಬ್ಬ ಯಂತ್ರದ ಬಳಿ, ಇನ್ನೊಬ್ಬ ಸಿಲಿಂಡರಿನ ವಾಲ್ವಿನ ಮೇಲೆ ಕೈಯಿಟ್ಟುಕೊಂಡು. ಹೆಚ್ಚುಕಮ್ಮಿಯಾದರೆ ಅವನು ತಕ್ಷಣ ಮುಚ್ಚಬೇಕು. ವಾಲ್ವನ್ನು ನಿಧಾನವಾಗಿ ತಿರುಗಿಸಬೇಕು. ಪೈಪಿನಲ್ಲಿ ಉಳಿದ ಒತ್ತಡವನ್ನು ಹೊರಗೆ ಬಿಡದೆ ಪೈಪ್ ಕಳಚಬಾರದು, ಕಳಚಿದರೆ ಅದು ಹೆಡೆಯೆತ್ತಿದ ಹಾವಿನ ಹಾಗೆ ಬಡಿಯುತ್ತದೆ. ಒತ್ತಡ ತೋರಿಸುವ ಗೇಜಿನ ಹತ್ತಿರ ಮುಖ ಒಯ್ಯಲೇಬಾರದು. ದೂರ ನಿಂತು, ಓರೆಯಾಗಿ ನೋಡಬೇಕು. ಯಂತ್ರದ ಕೈಪಿಡಿಯ ಹದಿನಾಲ್ಕನೇ ಪುಟದಲ್ಲಿ ಇದು ದಪ್ಪ ಅಕ್ಷರದಲ್ಲಿದೆ. ಒಳಗಿನ ಕೊಳವೆ ಸೀಳಿದರೆ ಗಾಜು ಯಾರ ಮುಲಾಜನ್ನೂ ನೋಡುವುದಿಲ್ಲ.

ನಮ್ಮ ಸುರಕ್ಷತಾ ವಿಭಾಗದ ಮುಖ್ಯಸ್ಥ ಜನಾರ್ದನ. ಬೆಂಗಳೂರಿನವನು, ವಾಸ ರಾಜಧಾನಿಯ ಹತ್ತಿರದ ಪುತ್ರಜಯಾದಲ್ಲಿ. ಬೂಸ್ಟರನ್ನು ಅವನು ಒಮ್ಮೆ ಮುಟ್ಟಿದ್ದುಂಟು, ಕಂಪನಿಯ ಕ್ಯಾಲೆಂಡರಿನ ಫೋಟೋಗಾಗಿ. ಎಲ್ಲರೆದುರು ಅವನದು ಇಂಗ್ಲಿಷ್. ಮಾಡಬಾರದ್ದನ್ನು ಮಾಡಿಸಬೇಕಾದಾಗ ಮಾತ್ರ ಅವನಿಗೆ ಕನ್ನಡ ನೆನಪಾಗುತ್ತಿತ್ತು. ಫೋನಿನಲ್ಲಿ "ಚೆನ್ನಾಗಿದೀರಾ ಮಕ್ಬೂಲ್ ಅವ್ರೇ, ಊಟ ಆಯ್ತಾ?" ಎಂದು ಶುರುವಾದರೆ ಏನೋ ಕಾದಿದೆ ಎಂದು ನಾನು ಕುರ್ಚಿ ಎಳೆದು ಕೂತುಬಿಡುತ್ತಿದ್ದೆ.

ಎರಡು ಸಾವಿರದ ಇಪ್ಪತ್ತರ ಮಾರ್ಚಿನಲ್ಲಿ ದೇಶ ಬಾಗಿಲು ಹಾಕಿಕೊಂಡಿತು. ವಿಮಾನಗಳು ರನ್‌ವೇ ಪಕ್ಕದಲ್ಲಿ ಸಾಲಾಗಿ ನಿಂತವು. ನಿಂತ ವಿಮಾನಕ್ಕೂ ಆರೈಕೆ ತಪ್ಪುವುದಿಲ್ಲ, ಹಾಗಾಗಿ ನಮಗೆ ಅರ್ಧ ಸಿಬ್ಬಂದಿಯೊಂದಿಗೆ ಕೆಲಸ ಮಾಡಲು ಅನುಮತಿ ಸಿಕ್ಕಿತು. ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋಗುವಂತಿರಲಿಲ್ಲವಾದ್ದರಿಂದ ಜನಾರ್ದನ ಮನೆಯಲ್ಲಿ ಕೂತ. ಕೂತವನು ನಿಯಮ ಬರೆಯತೊಡಗಿದ. ಪೆನ್ನು ಹಂಚಿಕೊಳ್ಳುವ ಬಗ್ಗೆ ಬರೆದ. ಲಿಫ್ಟಿನಲ್ಲಿ ಯಾವ ಗೋಡೆಗೆ ಮುಖ ಮಾಡಿ ನಿಲ್ಲಬೇಕೆಂಬ ಬಗ್ಗೆ ಚಿತ್ರಸಮೇತ ಬರೆದ. ಜೂನ್ ತಿಂಗಳಲ್ಲಿ ಅವನ ಕಣ್ಣು ಬೂಸ್ಟರಿನ ಮೇಲೆ ಬಿತ್ತು.

ವಿಡಿಯೋ ಮೀಟಿಂಗಿನಲ್ಲಿ ಹೊಸ ಕ್ರಮ ಬಿಡುಗಡೆಯಾಯಿತು. ಇನ್ನು ಮೇಲೆ ಬೂಸ್ಟರ್ ಇರುವ ಜಾಗದಲ್ಲಿ ಒಬ್ಬನೇ ಇರಬೇಕು. ಎರಡನೆಯವನು ಆಫೀಸಿನಿಂದ ಪರದೆಯಲ್ಲಿ ನೋಡುತ್ತಾನೆ. ಯಂತ್ರದ ಬಳಿ ಇರುವವನು ಎರಡು ನಿಮಿಷಕ್ಕೊಮ್ಮೆ ತನ್ನ ಮುಖ ಮತ್ತು ಗೇಜು ಒಂದೇ ಚೌಕಟ್ಟಿನಲ್ಲಿ ಕಾಣುವಂತೆ ಸೆಲ್ಫಿ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕಬೇಕು. ಗುರುತು ಸಿಗಲೆಂದು ಆ ಕ್ಷಣಕ್ಕೆ ಮಾಸ್ಕ್ ಮತ್ತು ಮುಖದ ಪ್ಲಾಸ್ಟಿಕ್ ಕವಚ ತೆಗೆಯಬೇಕು. ಜನಾರ್ದನನೋ ನಾನೋ ಅದಕ್ಕೆ ಹೆಬ್ಬೆರಳಿನ ಚಿಹ್ನೆ ಒತ್ತಿದ ಮೇಲೆ ಮುಂದಿನ ಒತ್ತಡಕ್ಕೆ ಹೋಗಬೇಕು. ಗ್ರೂಪಿನ ಹೆಸರು 'ಝೀರೋ ಹಾರ್ಮ್ ಫ್ಯಾಮಿಲಿ'.

ನಾನು ಕೈಯೆತ್ತಿದೆ. ಪರದೆಯ ಮೇಲೆ ಹಳದಿ ಕೈ ಬಂತು, ಹತ್ತು ನಿಮಿಷ ಹಾಗೇ ಇತ್ತು. ಕೊನೆಗೆ ಮೈಕ್ ಆನ್ ಮಾಡಿ ನಾನೇ ಕನ್ನಡದಲ್ಲಿ ನುಗ್ಗಿದೆ, ಅವನೂ ಕನ್ನಡಕ್ಕೆ ಇಳಿದ.

"ಸರ್, ಆ ಸಿಲಿಂಡರು ಮಷಿನಿನಿಂದ ಮೂರು ಮೀಟರ್ ದೂರ ಐತ್ರಿ. ಸರ್ಕಾರ ಹೇಳಿದ್ದು ಒಂದ ಮೀಟರ್. ಇಬ್ಬರು ನಿಂತರ ಏನ್ ತ್ರಾಸ್ರಿ?"

"ಒಂದು ಜಾಗಕ್ಕೆ ಒಬ್ರೇ ಅಂತ ಡೈರೆಕ್ಟರ್ಸ್‌ಗೆ ಪ್ರಾಮಿಸ್ ಮಾಡಿದೀನಿ, ಮಕ್ಬೂಲ್ ಅವ್ರೇ."

"ಮತ್ತ ಗೇಜಿನ ಬಾಜೂಕ ಮಾರಿ ಇಡಬಾರದ್ರಿ. ಹದಿನಾಲ್ಕನೇ ಪುಟ ನೋಡ್ರಿ."

"ಆ ಪುಟ ಕೋವಿಡ್‌ಗಿಂತ ಮುಂಚೆ ಬರೆದಿದ್ದು" ಎಂದ ಜನಾರ್ದನ. ಕೋವಿಡ್ ಬಂದ ಮೇಲೆ ನೈಟ್ರೋಜನ್ ತನ್ನ ಸ್ವಭಾವ ತಿದ್ದಿಕೊಂಡಿದೆ ಅನ್ನುವಷ್ಟು ಗಟ್ಟಿಯಾಗಿತ್ತು ಅವನ ದನಿ. ನಾನು ಅವತ್ತೇ ಬರಹದಲ್ಲಿ ಆಕ್ಷೇಪ ಕಳಿಸಿದೆ. ಮನೆಯಲ್ಲಿ ಮಗಳು ನಿಶತ್ ಬಾಗಿಲು ತೆರೆದು, "ಅಬ್ಬಾ, ಸ್ಟಾಪ್ ಶೌಟಿಂಗ್ ಎಟ್ ದ ಲ್ಯಾಪ್‌ಟಾಪ್" ಎಂದು ಮುಚ್ಚಿಕೊಂಡಳು.

ಬೂಸ್ಟರ್ ನಡೆಸುತ್ತಿದ್ದವನು ಸುಜಿತ್. ಉಡುಪಿಯವನು, ನಲವತ್ತರ ಹತ್ತಿರದವನು, ನನ್ನ ಕೈಕೆಳಗೆ ಆರು ವರ್ಷ ಪಳಗಿದವನು. ಅವನ ಹೆಂಡತಿ ಅಮೂಲ್ಯಾ ಇಲ್ಲಿಯ ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಸುಜಿತ್ ಮೊದಮೊದಲು ಸೆಲ್ಫಿಗೆ ನಾಚುತ್ತಿದ್ದ. ಒಂದು ಕೈಯಲ್ಲಿ ಫೋನು ಚಾಚಿ, ಗೇಜಿಗೆ ಬೆನ್ನು ಹಾಕಿ, ಕೆನ್ನೆಯನ್ನು ಅದರ ಗಾಜಿನ ಪಕ್ಕಕ್ಕೆ ತಂದು ಹಲ್ಲು ಕಿರಿಯಬೇಕಲ್ಲ! ಮದುವೆಮನೆಯಲ್ಲಿ ಮದುಮಗನ ಪಕ್ಕ ನುಸುಳಿ ಫೋಟೋ ತೆಗೆಸಿಕೊಳ್ಳುವವರ ಹಾಗೆ ಕಾಣುತ್ತಿದ್ದ. ಆಮೇಲೆ ರೂಢಿಯಾಯಿತು. ಸೆಪ್ಟೆಂಬರಿನಲ್ಲಿ ಜನಾರ್ದನ 'ತಿಂಗಳ ಸುರಕ್ಷತಾ ತಾರೆ' ಎಂಬ ಸ್ಪರ್ಧೆ ಇಟ್ಟ. ಸುಜಿತ್ ಗೆದ್ದ. ಮುಖ, ಗೇಜು, ಹಿಂದೆ ವಿಮಾನದ ಬಾಲ, ಮೂರೂ ಸ್ಪಷ್ಟವಾಗಿ ಬಂದಿದ್ದವಂತೆ. ಬಹುಮಾನವಾಗಿ ಒಂದು ಪೆಟ್ಟಿಗೆ ಸ್ಯಾನಿಟೈಸರ್ ಬಂತು.

"ಎಂತ ಮಾಡುದು ಸಾಹೇಬ್ರೇ, ಮನೆಯಲ್ಲಿ ಇಡ್ಲಿಕ್ಕೆ ಜಾಗ ಇಲ್ಲ. ಅಮೂಲ್ಯಾ ಗಿಡಕ್ಕೆ ಹಾಕ್ತೇನೆ ಹೇಳ್ತಾಳೆ" ಎಂದು ಅರ್ಧ ಪೆಟ್ಟಿಗೆ ನನಗೆ ದಾಟಿಸಿದ.

ಅಕ್ಟೋಬರಿನಲ್ಲಿ ಜನಾರ್ದನನ ಫೋನ್ ಬಂತು, ಕನ್ನಡದಲ್ಲಿ.

"ಊಟ ಆಯ್ತಾ ಮಕ್ಬೂಲ್ ಅವ್ರೇ? ನಿಮ್ಮ ವರ್ಕ್ ಪಾಸ್ ಫೆಬ್ರವರಿಗೆ ಮುಗಿಯುತ್ತಲ್ವಾ? ರಿನ್ಯೂವಲ್‌ಗೆ ನನ್ನ ಲೆಟರ್ ಬೇಕು. ಆದ್ರೆ ನಿಮ್ಮ ಹೆಸರಲ್ಲಿ ಒಂದು ಆಬ್ಜೆಕ್ಷನ್ ಓಪನ್ ಇದೆ. ಅದು ಕ್ಲೋಸ್ ಆಗದೆ ಸಿಸ್ಟಮ್ಮು ಲೆಟರ್ ಬಿಡಲ್ಲ. ನಾನೇನು ಮಾಡ್ಲಿ ಹೇಳಿ, ಸಿಸ್ಟಮ್ಮು."

ನಿಶತ್‌ಗೆ ಶಾಲೆಯ ಕೊನೆಯ ವರ್ಷ. ರಝಿಯಾ, ನನ್ನ ಹೆಂಡತಿ, ಆಗಷ್ಟೇ ಅಪಾರ್ಟ್‌ಮೆಂಟಿನ ಬಾಡಿಗೆ ಕರಾರು ಎರಡು ವರ್ಷಕ್ಕೆ ಮುಂದುವರಿಸಿದ್ದಳು. ರಾಣೆಬೆನ್ನೂರಿಗೆ ಹೋಗಿ ನೈಟ್ರೋಜನ್ನನ್ನು ಯಾವ ವಿಮಾನಕ್ಕೆ ತುಂಬಲಿ? ಎರಡು ದಿನ ಬಿಟ್ಟು ಆಕ್ಷೇಪ ಹಿಂದಕ್ಕೆ ತೆಗೆದುಕೊಂಡೆ. 'ಚರ್ಚೆಯ ನಂತರ ಸಮಾಧಾನವಾಗಿದೆ' ಎಂದು ಬರೆದೆ. ಚರ್ಚೆ ಆಗಿದ್ದು ನನ್ನ ಮತ್ತು ನನ್ನ ಹೆದರಿಕೆಯ ನಡುವೆ.

ಒಮ್ಮೆ ಬಗ್ಗಿದ ಬೆನ್ನು ಎರಡನೇ ಸಲ ಹೆಚ್ಚು ಕೇಳುವುದಿಲ್ಲ. ನವೆಂಬರಿನಲ್ಲಿ ಗೇಜಿನ ವಾರ್ಷಿಕ ಪರೀಕ್ಷೆಯ ಅವಧಿ ಮುಗಿಯಿತು. ಹೆಚ್ಚಾದ ಒತ್ತಡವನ್ನು ತಾನೇ ಹೊರಬಿಡುವ ಸುರಕ್ಷಾ ವಾಲ್ವಿನದೂ ಅದೇ ತಿಂಗಳು ಮುಗಿಯಿತು. ಪರೀಕ್ಷಿಸುವ ಲ್ಯಾಬ್ ಬೇರೆ ರಾಜ್ಯದಲ್ಲಿತ್ತು, ಬಾಗಿಲು ಮುಚ್ಚಿತ್ತು. ಸುತ್ತೋಲೆ ಬಂತು: ಸಾಂಕ್ರಾಮಿಕದ ಕಾರಣ ಎಲ್ಲ ಉಪಕರಣಗಳ ನಿಖರತೆಯನ್ನು ಆರು ತಿಂಗಳು ವಿಸ್ತರಿಸಲಾಗಿದೆ. ಹೊಸ ದಿನಾಂಕದ ಸ್ಟಿಕರ್ ಪ್ರಿಂಟಾಗಿ ಬಂತು. ಕೆಳಗೆ ಸಹಿ ಹಾಕಿ ಅಂಟಿಸಿದವನು ನಾನು. ಗೇಜು ಸುತ್ತೋಲೆಯನ್ನು ಓದಿರಲಿಕ್ಕಿಲ್ಲ.

ಇನ್ನು ಹೆಬ್ಬೆರಳಿನ ವಿಷಯ. ವಾರಕ್ಕೊಂದೆರಡು ಸಲ ಬೂಸ್ಟರ್ ಓಡಿದಾಗಲೆಲ್ಲ ಗ್ರೂಪಿಗೆ ಸುಜಿತ್‌ನ ಮುಖ ಬರುತ್ತಿತ್ತು. ಜನಾರ್ದನ ಮೀಟಿಂಗಿನಲ್ಲಿದ್ದರೆ ಒತ್ತಲು ತಡ ಮಾಡುತ್ತಿದ್ದ, ಅಲ್ಲಿಯತನಕ ಸುಜಿತ್ ಯಂತ್ರದೆದುರು ಕಾಯಬೇಕು. ಪಾಪ, ಬಿಸಿಲಲ್ಲಿ ಯಾಕೆ ನಿಲ್ಲಿಸುವುದೆಂದು ನಾನೇ ಟಕ್ಕನೆ ಒತ್ತಿಬಿಡುತ್ತಿದ್ದೆ. ಚಹಾ ಕುಡಿಯುತ್ತ ಒತ್ತಿದ್ದೇನೆ, ಶೌಚಾಲಯದ ಬಾಗಿಲ ಹೊರಗೆ ನಿಂತು ಒತ್ತಿದ್ದೇನೆ. ನಮ್ಮಜ್ಜ ಓದು ಬಾರದೆ ಹೆಬ್ಬೆಟ್ಟು ಒತ್ತುತ್ತಿದ್ದ. ನಾನು ಡಿಪ್ಲೊಮಾ ಮಾಡಿ ಒತ್ತುತ್ತಿದ್ದೆ. ಪ್ರಹಸನ ಜನಾರ್ದನನದು, ನನ್ನದೇನು ಹೋಗುತ್ತದೆ ಅಂದುಕೊಂಡಿದ್ದೆ.

ಇಪ್ಪತ್ತೊಂದರ ಜನವರಿಯಲ್ಲಿ ಎರಡನೇ ಸಲ ಬಾಗಿಲು ಬಿತ್ತು. ಅದೇ ವಾರ ತಿಂಗಳುಗಟ್ಟಲೆ ನಿಂತಿದ್ದ ಒಂದು ಸರಕು ವಿಮಾನಕ್ಕೆ ಕೆಲಸ ಸಿಕ್ಕಿತು. ಜಗತ್ತಿಗೆಲ್ಲ ರಬ್ಬರ್ ಕೈಗವಸು ಬೇಕಿತ್ತು, ಮಲೇಷ್ಯಾದಲ್ಲಿ ಅದೇ ಬೆಳೆ. ವಿಮಾನದ ಕಾಲಿಗೆ ನೈಟ್ರೋಜನ್ ತುಂಬಿಸಬೇಕು. ಇಬ್ಬರು ಡೈರೆಕ್ಟರುಗಳು ನಮ್ಮ 'ದೂರ ನಿಯಂತ್ರಿತ ಸುರಕ್ಷತೆ'ಯನ್ನು ನೇರ ಪ್ರಸಾರದಲ್ಲಿ ನೋಡುತ್ತಾರೆ ಎಂದು ಜನಾರ್ದನ ಹೊಸ ಕೋಟು ಹಾಕಿಕೊಂಡು ಪರದೆಯಲ್ಲಿ ಕೂತ.

ಬೆಳಿಗ್ಗೆ ಒಂಬತ್ತೂವರೆ. ಹ್ಯಾಂಗರಿನ ಒಳಗೆ ಸುಜಿತ್ ಒಬ್ಬನೇ. ಸ್ಟ್ಯಾಂಡಿನ ಮೇಲೆ ಒಂದು ಟ್ಯಾಬ್ಲೆಟ್ ಅವನನ್ನು ತೋರಿಸುತ್ತಿತ್ತು. ನಾನು ನಲವತ್ತು ಮೀಟರ್ ದೂರದ ಆಫೀಸಿನಲ್ಲಿ, ಮುಚ್ಚಿದ ಗಾಜಿನ ಹಿಂದೆ. ಯಂತ್ರ ಶುರುವಾಯಿತು. ಆದರೆ ಲ್ಯಾಪ್‌ಟಾಪಿನಲ್ಲಿ ಸದ್ದಿಲ್ಲ. ಡೈರೆಕ್ಟರುಗಳಿಗೆ ಮಾತು ಚೆನ್ನಾಗಿ ಕೇಳಲೆಂದು ಜನಾರ್ದನ ಹಿನ್ನೆಲೆ ಗದ್ದಲ ತೆಗೆದುಹಾಕುವ ಬಟನ್ ಒತ್ತಿಸಿದ್ದ. ಬೂಸ್ಟರಿನ ಬಡಿತವೇ ನನಗೆ ಅರ್ಧ ಗೇಜು. ಒತ್ತಡ ಏರಿದಂತೆ ಆ ಠಕ್ ಠಕ್ ನಿಧಾನವಾಗುತ್ತ, ತುದಿಗೆ ಬಂದಾಗ ಏದುಸಿರು ಬಿಡುವಂತೆ ಕೇಳುತ್ತದೆ. ಅವತ್ತು ನಮ್ಮೆಲ್ಲರ ಅನುಕೂಲಕ್ಕಾಗಿ ಅದನ್ನು ಅಳಿಸಿಹಾಕಿದ್ದರು.

ಮೊದಲ ಸೆಲ್ಫಿ ಬಂತು. ಮುಖ ಸ್ಪಷ್ಟವಾಗಿತ್ತು. ಒತ್ತಿದೆ.

ಎರಡನೆಯದು ಬಂತು. ನಗು ಚೆನ್ನಾಗಿತ್ತು. ಒತ್ತಿದೆ.

ಮೂರನೆಯದು ಬಂದಾಗ, ನಾನು ಒತ್ತುವ ಮೊದಲೇ, ಒಬ್ಬ ಡೈರೆಕ್ಟರು ಮಾತಿಗೆಳೆದ. ಒಂದೂವರೆ ನಿಮಿಷ ಏನೇನೋ ಕೇಳಿ ಕಡೆಗೆ, "ಈಗ ಎಷ್ಟಾಯಿತು?" ಎಂದು ಇಂಗ್ಲಿಷಿನಲ್ಲಿ ಕೇಳಿದ. ಹೇಳಲೆಂದು ಮುಳ್ಳು ನೋಡಿದೆ. ಸಾವಿರದ ಎಂಟುನೂರು. ಹಿಂದಿನ ಎರಡನ್ನೂ ತೆಗೆದು ನೋಡಿದೆ. ಅವುಗಳಲ್ಲೂ ಸಾವಿರದ ಎಂಟುನೂರು. ನಾಲ್ಕು ನಿಮಿಷ ಕುಟ್ಟಿದ ಯಂತ್ರ ಒಂದು ಗೆರೆಯೂ ಏರಿಸಿಲ್ಲ ಅಂದರೆ ಏರದೆ ಉಳಿದದ್ದು ಒತ್ತಡವಲ್ಲ, ಮುಳ್ಳು.

"ಸುಜಿತ್, ಬಂದ್ ಮಾಡೋ!" ಎಂದು ಕೂಗಿದೆ. ಯಂತ್ರದ ಸದ್ದಿನಲ್ಲಿ ಟ್ಯಾಬ್ಲೆಟಿನ ದನಿ ಅವನಿಗೆ ಕೇಳಿಸಲಿಲ್ಲ. ಪರದೆಯಲ್ಲಿ ಅವನು ನಾಲ್ಕನೆಯದಕ್ಕೆ ಕವಚ ತೆಗೆದು ಕೆನ್ನೆಯನ್ನು ಗೇಜಿನ ಕಡೆ ಒಯ್ಯುತ್ತಿದ್ದ.

ಓಡಿದೆ. ಐವತ್ತೆರಡನೇ ವಯಸ್ಸಿನಲ್ಲಿ, ಮಂಡಿನೋವಿನ ಕಾಲಿನಲ್ಲಿ. ಹ್ಯಾಂಗರ್ ಬಾಗಿಲಲ್ಲಿ ಗಾರ್ಡ್ ಕೈ ಅಡ್ಡ ಹಿಡಿದು, "ಸ್ಕ್ಯಾನ್ ದುಲು, ಬಾಸ್!" ಎಂದ, ಮೊದಲು ಕ್ಯೂಆರ್ ಸ್ಕ್ಯಾನ್ ಮಾಡು ಅಂತ. ಅವನನ್ನು ತಳ್ಳಿಕೊಂಡೇ ಒಳಗೆ ನುಗ್ಗಿದೆ. ಯಂತ್ರ ಅಷ್ಟು ಹೊತ್ತಿಗೆ ತಡೆತಡೆದು ಏಟು ಹಾಕುವ ಸ್ಥಿತಿಯಲ್ಲಿತ್ತು, ತಾನೇ ತೆರೆಯಬೇಕಾಗಿದ್ದ ಸುರಕ್ಷಾ ವಾಲ್ವ್ ತೆರೆದಿರಲಿಲ್ಲ. ಚೌಕಟ್ಟು ಸರಿಹೊಂದಿಸುತ್ತ ಇನ್ನೂ ಅಲ್ಲೇ ಇದ್ದ ಸುಜಿತ್‌ನ ಕಾಲರಿಗೆ ಕೈ ಹಾಕಿ ಎಳೆದೆ. ಎಳೆಯುವಾಗಲೇ ಗೇಜು ಸೀಳಿತು. ಪಟಾಕಿ ಅಂಗಡಿಯೊಳಗೆ ನಿಂತ ಹಾಗಾಯಿತು. ನೆಲಕ್ಕೆ ಬಿದ್ದವನನ್ನು ದಾಟಿ ಸಿಲಿಂಡರಿನ ಹತ್ತಿರ ಹೋಗಿ ವಾಲ್ವ್ ಮುಚ್ಚಿದೆ. ಅಲ್ಲಿ ನಿಲ್ಲಬೇಕಾಗಿದ್ದ ಎರಡನೆಯವನ ಕೆಲಸ ಅದು.

ಸುಜಿತ್‌ನ ಬಲಗಿವಿಯಿಂದ, ಕತ್ತಿನಿಂದ ರಕ್ತ ಬರುತ್ತಿತ್ತು. ನನ್ನ ಅಂಗಿ ಬಿಚ್ಚಿ ಒತ್ತಿ ಹಿಡಿದೆ. ಹಿಡಿದುಕೊಂಡೇ ಅತ್ತುಬಿಟ್ಟೆ. ಟ್ಯಾಬ್ಲೆಟಿನಿಂದ ಜನಾರ್ದನನ ದನಿ ಮಾತ್ರ ಸ್ವಚ್ಛವಾಗಿ ಕೇಳುತ್ತಿತ್ತು: "ಮಕ್ಬೂಲ್, ಮಾಸ್ಕ್! ಡೈರೆಕ್ಟರ್ಸ್ ನೋಡ್ತಿದಾರೆ, ಮಾಸ್ಕ್ ಹಾಕ್ಕೊಳ್ಳಿ!"

ಕಣ್ಣುಗಳು ಉಳಿದವು. ಫೋನು ನೋಡುತ್ತ ಮುಖ ಆಚೆ ತಿರುಗಿಸಿದ್ದನಲ್ಲ, ಗಾಜೆಲ್ಲ ಕಿವಿಗೂ ಕತ್ತಿಗೂ ಹೊಡೆದಿತ್ತು. ಹತ್ತೊಂಬತ್ತು ಹೊಲಿಗೆ. ಬಲಗಿವಿಯ ಶ್ರವಣ ಹೋಯಿತು, ಬರುವುದು ಅನುಮಾನ ಎಂದು ಅಮೂಲ್ಯಾ ಫೋನಿನಲ್ಲಿ ಹೇಳಿದಳು. ಡಾಕ್ಟರರ ದನಿಯಲ್ಲಿ ಶುರು ಮಾಡಿ ಹೆಂಡತಿಯ ದನಿಯಲ್ಲಿ ಮುಗಿಸಿದಳು.

ನಾಲ್ಕನೇ ದಿನಕ್ಕೆ ಜನಾರ್ದನನ ವಿಚಾರಣಾ ವರದಿಯ ಕರಡು ಬಂತು. ನಾನು ಅದನ್ನು ನಿಂತುಕೊಂಡೇ ಓದಿದೆ. ಒಂದು: ಸೆಲ್ಫಿಯ ಭಂಗಿಯಿಂದಾಗಿ ನೌಕರನ ಕಣ್ಣುಗಳು ಉಳಿದಿವೆ, ಆದ್ದರಿಂದ ಸೆಲ್ಫಿ ಪದ್ಧತಿ ಪರಿಣಾಮಕಾರಿ ಎಂದು ಸಾಬೀತಾಗಿದೆ. ಎರಡು: ನೌಕರ ಕೈಪಿಡಿಯ ಹದಿನಾಲ್ಕನೇ ಪುಟವನ್ನು ಉಲ್ಲಂಘಿಸಿ ಗೇಜಿನ ಹತ್ತಿರ ಮುಖ ಒಯ್ದಿದ್ದಾನೆ, ಆದ್ದರಿಂದ ತಪ್ಪು ಅವನದೇ. ಮೂರು: ಇನ್ನೊಬ್ಬ ನೌಕರ ಸ್ಕ್ಯಾನ್ ಮಾಡದೆ, ಮಾಸ್ಕ್ ಇಲ್ಲದೆ ಪ್ರವೇಶಿಸಿದ್ದಾನೆ, ಈ ಬಾರಿ ಎಚ್ಚರಿಕೆ ಸಾಕು. ಕೊನೆಯಲ್ಲಿ ತಜ್ಞನ ಹೇಳಿಕೆಗೆ ಜಾಗ. ಅದರಲ್ಲಿ ನನ್ನ ಹೆಸರು. ಅದೇ ಮೇಲ್‌ನಲ್ಲಿ ಇನ್ನೊಂದು ಕಡತವಿತ್ತು. ನನ್ನ ಪಾಸಿನ ಪತ್ರ, ಸಹಿ ಸಮೇತ.

ಹಿಂದೆಯೇ ಫೋನ್ ಬಂತು. "ಊಟ ಆಯ್ತಾ ಮಕ್ಬೂಲ್ ಅವ್ರೇ? ನಾನೇನು ಸುಳ್ಳು ಬರೆಸ್ತಿಲ್ಲಪ್ಪ. ಹದಿನಾಲ್ಕನೇ ಪುಟ ನೀವೇ ತೋರಿಸಿದ್ದು. ಅದನ್ನೇ ಬರೆದು ಸೈನ್ ಮಾಡಿ, ಸಾಕು."

ಮೈಯೆಲ್ಲ ಉರಿಯಿತು. ನಾನು ಜೂನಿನಲ್ಲಿ ಹೇಳಿದ ಸತ್ಯವನ್ನೇ ಜನವರಿಯಲ್ಲಿ ಸುಜಿತ್‌ನ ಕತ್ತಿಗೆ ಕಟ್ಟುವ ಬುದ್ಧಿ ಅದು. ತಪ್ಪು ಅವನದೆಂದಾದರೆ ಕೆಲಸ ಹೋಗುತ್ತದೆ, ಕಿವಿಗೆ ಪರಿಹಾರವೂ ಇಲ್ಲ.

ರಝಿಯಾಳಿಗೆ ಎರಡೂ ಕಾಗದ ತೋರಿಸಿದೆ. ಅವಳು ಓದಿ, "ಹುಡುಗೀ ಪರೀಕ್ಷಾ ಆನ್‌ಲೈನ್ ಆಗ್ತಾವಂತ. ಎಲ್ಲಿಂದರ ಬರೀಬಹುದಂತ" ಎಂದಷ್ಟೇ ಹೇಳಿ ಅಡುಗೆಮನೆಗೆ ಹೋದಳು.

ಆ ಮಧ್ಯಾಹ್ನ ಕೂತು ಗ್ರೂಪಿನ ಎಲ್ಲ ಸೆಲ್ಫಿಗಳನ್ನೂ ತೆಗೆದೆ. ಇನ್ನೂರ ಹದಿನಾಲ್ಕು. ಜನಾರ್ದನನ ಹೆಬ್ಬೆರಳು ಹಿಡಿಯಬೇಕೆಂದು ಹೊರಟವನು ನಾನು. ಹಿಡಿದದ್ದು ಮೂವತ್ತು ಚಿಲ್ಲರೆ. ಉಳಿದವುಗಳ ಕೆಳಗೆಲ್ಲ ಇದ್ದದ್ದು ನನ್ನ ಹೆಸರು. ಕಡೆಯ ದಿನದ ಮೂರರಲ್ಲಿ ಎರಡು ನನ್ನವೇ. ಲೆಕ್ಕ ತಪ್ಪಿರಬಹುದೆಂದು ಇನ್ನೊಮ್ಮೆ ಎಣಿಸಿದೆ. ಆಮೇಲೆ ಒಂದನ್ನೂ ಬಿಡದೆ ಎಲ್ಲವನ್ನೂ, ಸ್ಟಿಕರಿನ ಫೋಟೋ, ನನ್ನ ಆಕ್ಷೇಪ, ಅದನ್ನು ಹಿಂತೆಗೆದುಕೊಂಡ ಪತ್ರ ಎಲ್ಲ ಸೇರಿಸಿ ಡೈರೆಕ್ಟರುಗಳಿಗೂ ಸರ್ಕಾರದ ಸುರಕ್ಷತಾ ಅಧಿಕಾರಿಗೂ ಕಳಿಸಿದೆ.

ಮೂರು ವಾರದಲ್ಲಿ ತೀರ್ಮಾನವಾಯಿತು. ಸುಜಿತ್‌ನ ಮೇಲೆ ದೋಷವಿಲ್ಲ, ಕೆಲಸವೂ ಪರಿಹಾರವೂ ಅವನಿಗುಂಟು. ಬೂಸ್ಟರಿಗೆ ಮತ್ತೆ ಇಬ್ಬರು. ಜನಾರ್ದನನನ್ನು ತರಬೇತಿ ವಿಭಾಗಕ್ಕೆ ಕಳಿಸಿದರು. ಅಲ್ಲಿ ಅವನು 'ಗೇಜಿನಿಂದ ಅಂತರ' ಎಂಬ ಆನ್‌ಲೈನ್ ಕೋರ್ಸು ಮಾಡಿದ್ದಾನಂತೆ, ಕೊನೆಯಲ್ಲಿ ಸರ್ಟಿಫಿಕೇಟು ಕೊಡುತ್ತಾನಂತೆ. ನನ್ನ ಸಹಿಯ ಅಧಿಕಾರ ರದ್ದಾಯಿತು, ಪಾಸು ಮುಂದುವರಿಯಲಿಲ್ಲ. ಮಾರ್ಚಿನೊಳಗೆ ಹೊರಡಬೇಕು.

ನಿಜ ಹೇಳುತ್ತೇನೆ, ನನಗೆ ಒಳಗೊಳಗೆ ಹೆಮ್ಮೆಯಾಗಿತ್ತು. ಒಬ್ಬನಿಗಾಗಿ ಕೆಲಸ ಕಳಕೊಂಡವನು ನಾನು ಎಂದು ಎದೆಯುಬ್ಬಿಸಿಕೊಂಡೇ ಸುಜಿತ್‌ನ ಅಪಾರ್ಟ್‌ಮೆಂಟಿಗೆ ಹೋದೆ. ತಮಿಳು ಮುಸ್ಲಿಮರ ಮಾಮಾಕ್ ಅಂಗಡಿಯಿಂದ ಪರೋಟದಂಥ ರೊಟಿ ಚನಾಯ್ ತಪಾವ್, ಅಂದರೆ ಪಾರ್ಸೆಲ್, ಮಾಡಿಸಿಕೊಂಡಿದ್ದೆ. ಮನೆಯೊಳಗೆ ಹೋಗುವಂತಿರಲಿಲ್ಲ. ಕಬ್ಬಿಣದ ಗ್ರಿಲ್ ಬಾಗಿಲಿನ ಸಂದಿಯಲ್ಲಿ ಪೊಟ್ಟಣ ಕೊಟ್ಟೆ. ಸುಜಿತ್ ಸ್ಟೂಲು ಹಾಕಿಕೊಂಡು ಒಳಗೆ ಕೂತ, ನಾನು ಕಾರಿಡಾರಿನಲ್ಲಿ ನಿಂತೆ. ಕಿವಿಯ ಮೇಲೆ ಇನ್ನೂ ಪಟ್ಟಿಯಿತ್ತು.

ಧನ್ಯವಾದ ಹೇಳಬಹುದೆಂದು ಕಾದೆ. ಅವನು ಹೇಳಿದ, ಎರಡು ಸಲ ಹೇಳಿದ. ಕಣ್ಣು ಒರೆಸಿಕೊಂಡ. ನಾನು ಜನಾರ್ದನನನ್ನು ಬಾಯಿಗೆ ಬಂದಂತೆ ಬೈಯತೊಡಗಿದೆ. ಹೆಬ್ಬೆರಳು ಒತ್ತಿ ಮನುಷ್ಯರನ್ನು ಕೊಲ್ಲುವ ಜಾತಿ ಎಂದೆ.

ಸುಜಿತ್ ತಲೆ ಅಲ್ಲಾಡಿಸಿದ.

"ಅವರದ್ದು ನಾನು ನೋಡ್ತಾನೇ ಇರ್ಲಿಲ್ಲ ಸಾಹೇಬ್ರೇ. ಅವರಿಗೆ ಮಷಿನಿಂದು ಎಂತ ಗೊತ್ತುಂಟು? ಅವರು ಒತ್ತಿದ್ರೂ ನಾನು ವಾಲ್ವ್ ಮುಟ್ತಿರ್ಲಿಲ್ಲ. ನಿಮ್ಮದು ಬರ್ಲಿ ಅಂತ ಕಾಯ್ತಿದ್ದೆ. ನನ್ನ ಬೆನ್ನು ಆಚೆ ಅಲ್ವಾ, ಮುಳ್ಳು ನನಗೆ ಕಾಣುದಿಲ್ಲ. ಆದ್ರೆ ಸಾಹೇಬ್ರು ನೋಡ್ತಾ ಇದ್ದಾರೆ, ಅವರು ಒತ್ತಿದ್ರೆ ಸರಿ ಉಂಟು ಅಂತ ಧೈರ್ಯ. ಆ ದಿವಸವೂ ನಿಮ್ಮದು ಬಂತು. ಎರಡು ಸಲ ಬಂತು. ಹಾಗೆ ಏರಿಸಿದೆ."

ಅವನು ದೂರುತ್ತಿರಲಿಲ್ಲ. ನನ್ನನ್ನು ಹೊಗಳುತ್ತಿದ್ದ. ಕಾರಿಡಾರಿನ ಗೋಡೆಗೆ ಒರಗಿ ನಿಂತೆ.

"ನಾ ನೋಡಿರಲಿಲ್ಲೋ ಸುಜಿತ್" ಎಂದೆ. "ಒಂದನ್ನೂ ನೋಡಿರಲಿಲ್ಲ. ಸುಮ್ಮನ ಒತ್ತತಿದ್ದೆ."

ಮಾಸ್ಕಿನೊಳಗಿನ ಮಾತು, ಅದೂ ಅವನ ಬಲಗಿವಿಯ ಕಡೆಯಿಂದ. ಅವನು ಸ್ಟೂಲಿನ ಮೇಲೆ ಪೂರ್ತಿ ತಿರುಗಿ, ಎಡಗಿವಿಯನ್ನು ಗ್ರಿಲ್ಲಿಗೆ ಹಚ್ಚಿದ.

"ಎಂತ? ಕೇಳ್ಲಿಲ್ಲ ಸಾಹೇಬ್ರೇ, ಸ್ವಲ್ಪ ಜೋರಾಗಿ ಹೇಳಿ."

ಪಕ್ಕದ ಮನೆಯ ಬಾಗಿಲು ತೆರೆದಿತ್ತು, ಸುಜಿತ್‌ನ ಹಿಂದೆ ಒಳಗೆ ಅಮೂಲ್ಯಾ ಆನ್‌ಲೈನ್ ಪಾಠ ನಿಲ್ಲಿಸಿ ನಮ್ಮ ಕಡೆ ನೋಡುತ್ತಿದ್ದಳು. ನಾನು ಮಾಸ್ಕ್ ಕೆಳಗೆ ಸರಿಸಿ, ಇನ್ನೊಮ್ಮೆ, ಜೋರಾಗಿ ಹೇಳಿದೆ.